ಜೀನೋಮ್ ಓದಲು ಕಲಿಯಿರಿ: ಎಚ್‌ಬಿಬಿ ಜೀನ್‌ನಿಂದ ಶುರುಮಾಡಿ

ಮನುಷ್ಯರ ಜೀನೋಮ್‌ನಲ್ಲಿ, ಅಂದರೆ ಡಿಎನ್‌ಎಯ ಒಂದು ಪೂರ್ಣ ಪ್ರತಿಯಲ್ಲಿ, ಸುಮಾರು 310 ಕೋಟಿ ಅಕ್ಷರಗಳಿವೆ. ಬಳಕೆಯಾಗುವ ಅಕ್ಷರ ಮಾತ್ರ ನಾಲ್ಕೇ: ಎ, ಟಿ, ಜಿ, ಸಿ. ಪ್ರೋಟೀನ್ ತಯಾರಿಸಲು ಸೂಚನೆ ಕೊಡುವ ಜೀನ್‌ಗಳು ಸುಮಾರು 20,000. ಆದರೆ ಪ್ರೋಟೀನಿನ ಸಂಕೇತವಾಗಿ ನೇರವಾಗಿ ಓದಿಸಿಕೊಳ್ಳುವ ಅಕ್ಷರಗಳು ಒಟ್ಟಿನ ಶೇ 1ರಿಂದ 1.5ರಷ್ಟು. ಮಿಕ್ಕಿದ್ದರಲ್ಲಿ ಏನಿದೆ? ಒಂದು ಜೀನನ್ನು ಬಿಚ್ಚಿ ನೋಡಿದರೆ ಬೇಗ ತಿಳಿಯುತ್ತದೆ.

ಹೊಸಬರಿಗೆ ಎಚ್‌ಬಿಬಿ ಹೇಳಿಮಾಡಿಸಿದ ಜೀನ್. ಚಿಕ್ಕದು, ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಸೂಚನೆ ಇರುವುದು ಇದರಲ್ಲೇ. ಮೈಸೂರು, ಚಾಮರಾಜನಗರ, ಕೊಡಗಿನ ಆದಿವಾಸಿ ಹಾಡಿಗಳಲ್ಲಿ ಕಂಡುಬರುವ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಗೂ ಬೀಟಾ ಸರಪಳಿ ಸಾಲದೆ ರಕ್ತಹೀನತೆ ತರುವ ಬೀಟಾ ಥಲಸ್ಸೀಮಿಯಾಕ್ಕೂ ಮೂಲ ಇಲ್ಲಿನ ಬದಲಾವಣೆಗಳೇ.

ಕಂಪ್ಯೂಟರಿನಲ್ಲಿ ಯುಸಿಎಸ್‌ಸಿ ಜೀನೋಮ್ ಬ್ರೌಸರ್ (UCSC Genome Browser) ಎಂಬ ಜಾಲತಾಣ ತೆರೆಯಿರಿ. ಉಚಿತ, ಲಾಗಿನ್ ಬೇಡ. ಮೊಬೈಲಿನ ಪರದೆಯಲ್ಲಿ ಅಕ್ಷರಗಳು ಕಾಣುವುದು ಕಷ್ಟ. ಮನುಷ್ಯರ ಜೀನೋಮ್‌ನ ಆವೃತ್ತಿಗಳಲ್ಲಿ ಎಚ್‌ಜಿ38 (hg38) ಆರಿಸಿ, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಎಚ್‌ಬಿಬಿ (HBB) ಎಂದು ಟೈಪ್ ಮಾಡಿ. 11ನೇ ಕ್ರೋಮೋಸೋಮಿನಲ್ಲಿ 5,225,464ರಿಂದ 5,227,071ರವರೆಗಿನ 1,608 ಅಕ್ಷರಗಳ ಜಾಗಕ್ಕೆ ಬರುತ್ತೀರಿ. ದಪ್ಪ ಪಟ್ಟಿಗಳು ಪ್ರೋಟೀನಿನ ಸಂಕೇತವಿರುವ ಎಕ್ಸಾನ್ ಭಾಗಗಳು. ಎರಡು ತುದಿಯ ತೆಳು ಪಟ್ಟಿಗಳೂ ಎಕ್ಸಾನ್‌ಗಳೇ, ಆದರೆ ಅಲ್ಲಿ ಪ್ರೋಟೀನಿನ ಸಂಕೇತವಿಲ್ಲ. ಬಾಣಗಳಿರುವ ಗೆರೆ ಇಂಟ್ರಾನ್, ಅಂದರೆ ಜೀನಿನ ನಕಲಾದ ಆರ್‌ಎನ್‌ಎ ತಯಾರಾದಮೇಲೆ ಕತ್ತರಿಸಿ ತೆಗೆಯುವ ಭಾಗ. ಹಾಗೆ ಕತ್ತರಿಸಿದ ಮೇಲೆ ಉಳಿಯುವುದೇ ಎಕ್ಸಾನ್. ಎಚ್‌ಬಿಬಿಯಲ್ಲಿ ಎಕ್ಸಾನ್ ಮೂರು, ಇಂಟ್ರಾನ್ ಎರಡು (130 ಮತ್ತು 850 ಅಕ್ಷರ). ಪ್ರೋಟೀನಿನ ಸಂಕೇತ ಬರೀ 444 ಅಕ್ಷರ.

ಬಾಣಗಳು ಎಡಕ್ಕೆ ತಿರುಗಿರುವುದನ್ನು ಗಮನಿಸಿ. ಹೊಸಬರು ಎಡವುವುದು ಇಲ್ಲೇ. ಡಿಎನ್‌ಎಗೆ ಎರಡು ಎಳೆ, ಎ ಎದುರು ಟಿ, ಜಿ ಎದುರು ಸಿ. ಬ್ರೌಸರ್ ತೋರಿಸುವುದು ಒಂದು ಎಳೆ, ಈ ಜೀನ್ ಇರುವುದು ಅದರ ಎದುರು ಎಳೆಯಲ್ಲಿ. ಬ್ರೌಸರ್ ತೋರಿಸುವ ಸಾಲನ್ನು ಹಾಗೇ ಎಡದಿಂದ ಓದಿದರೆ ಜಿಎಜಿ ಇರಬೇಕಾದಲ್ಲಿ ಸಿಟಿಸಿ ಸಿಗುತ್ತದೆ. ಕೆಳಗಿರುವ ‘ರಿವರ್ಸ್’ ಗುಂಡಿ ಒತ್ತಿ, ಬಾಣಗಳು ಬಲಕ್ಕೆ ತಿರುಗಲಿ. ಈಗ 5,226,915ರಿಂದ 5,227,030ರವರೆಗಿನ ಜಾಗಕ್ಕೆ ಹೋಗಿ. ಜೀನಿನ ಸಂಕೇತ ಎಟಿಜಿಯಿಂದ ಶುರುವಾಗಬೇಕು. ಟಿಎಸಿ ಎಂದು ಕಂಡರೆ ಅಕ್ಷರಸಾಲಿನ ಪಕ್ಕದ ಪುಟ್ಟ ಬಾಣ ಒತ್ತಿ ಎಳೆ ಬದಲಿಸಿ.

ಮೂರು ಮೂರು ಅಕ್ಷರ ಬಿಡಿಸಿ ಕಾಗದದ ಮೇಲೆ ಬರೆದುಕೊಳ್ಳಿ: ಎಟಿಜಿ, ಜಿಟಿಜಿ, ಸಿಎಟಿ, ಸಿಟಿಜಿ, ಎಸಿಟಿ, ಸಿಸಿಟಿ, ಜಿಎಜಿ. ಹೀಗೆ ಮೂರಕ್ಷರಕ್ಕೆ ಒಂದು ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಇಟ್ಟಿಗೆ. ಏಳನೆಯ ಜಿಎಜಿಗೆ ಗ್ಲುಟಾಮಿಕ್ ಆಮ್ಲ. ನಡುವಿನ ಎ ಹೋಗಿ ಟಿ ಬಂದರೆ ಜಿಟಿಜಿ, ಅಂದರೆ ವ್ಯಾಲಿನ್. ಸಿಕಲ್ ಸೆಲ್‌ಗೆ ಕಾರಣ ಈ ಒಂದಕ್ಷರ. ಅದರ ಜಾಗ 5,227,002. ಹಳೆಯ ಎಚ್‌ಜಿ19 ಆವೃತ್ತಿಯಲ್ಲಿ ಇದೇ ಅಕ್ಷರ 5,248,232ರಲ್ಲಿದೆ. ಜೀನ್ ಪರೀಕ್ಷೆಯ ವರದಿ ಯಾವ ಆವೃತ್ತಿಯದೆಂದು ನೋಡದೆ ಹುಡುಕಿದರೆ 21,000ಕ್ಕೂ ಹೆಚ್ಚು ಅಕ್ಷರ ಆಚೆ, ಬೇರೆ ಜಾಗದಲ್ಲಿ ನಿಲ್ಲುತ್ತೀರಿ. ಇನ್ನೊಂದು ಗೊಂದಲ: ಕೆಲವು ವರದಿಗಳಲ್ಲಿ ಇದು 6ನೇ ಅಮೈನೋ ಆಮ್ಲ, ಕೆಲವದರಲ್ಲಿ 7ನೆಯದು. ಎರಡೂ ಒಂದೇ. ಪ್ರೋಟೀನಿನಿಂದ ಮೊದಲ ಮೀಥಿಯೊನಿನ್ ಕಳಚಿಹೋಗುವುದರಿಂದ ಹಿಂದೆ ಅದನ್ನು ಬಿಟ್ಟು ಎಣಿಸುತ್ತಿದ್ದರು.

ಇನ್ನು ಇಂಟ್ರಾನ್. ಅದನ್ನು ಹಾರಿಸಿಬಿಡುವವರೇ ಹೆಚ್ಚು, ಹಾರಿಸಬೇಡಿ. ಮೊದಲ ಎಕ್ಸಾನ್ ಮುಗಿದ ತಕ್ಷಣ ಜಿಟಿಟಿಜಿಜಿಟಿಎ ಎಂಬ ಸಾಲು ಬರುತ್ತದೆ. ಮೊದಲ ಜಿಟಿ ‘ಇಲ್ಲಿ ಕತ್ತರಿಸು’ ಎಂಬ ಗುರುತು. ಐದನೆಯ ಅಕ್ಷರವಾದ ಜಿ ಬದಲು ಸಿ ಇದ್ದರೆ ಯಾವ ಅಮೈನೋ ಆಮ್ಲವೂ ನೇರವಾಗಿ ಬದಲಾಗುವುದಿಲ್ಲ. ಆದರೆ ಕತ್ತರಿಸುವ ಜಾಗ ತಪ್ಪುತ್ತದೆ, ಸರಿಯಾದ ಬೀಟಾ ಸರಪಳಿ ತೀರಾ ಕಡಿಮೆಯಾಗುತ್ತದೆ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಕಾರಣವಾಗುವ ಬದಲಾವಣೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ.

ಈಗ ದೂರ ಸರಿದು 5,220,000ರಿಂದ 5,300,000ರವರೆಗೆ ನೋಡಿ. ತಿರುಗಿಸಿದ ನೋಟದಲ್ಲಿ ಎಡದಿಂದ ಬಲಕ್ಕೆ ಭ್ರೂಣದ ಮೊದಲ ವಾರಗಳ ಎಚ್‌ಬಿಇ1, ಗರ್ಭದ ಶಿಶುವಿನ ಎಚ್‌ಬಿಜಿ2 ಮತ್ತು ಎಚ್‌ಬಿಜಿ1, ಪ್ರೋಟೀನ್ ಕೊಡದ ಕೆಟ್ಟ ನಕಲು ಎಚ್‌ಬಿಬಿಪಿ1, ಅಲ್ಪ ಪ್ರಮಾಣದಲ್ಲಿ ಕೆಲಸ ಮಾಡುವ ಎಚ್‌ಬಿಡಿ, ಕೊನೆಗೆ ಎಚ್‌ಬಿಬಿ. ಎಚ್‌ಬಿಇ1ರ ಎಡಕ್ಕಿರುವ ನಿಯಂತ್ರಣ ಪ್ರದೇಶದಲ್ಲಿ ಪ್ರೋಟೀನಿನ ಸಂಕೇತವಿಲ್ಲ, ಆದರೂ ಸುಮಾರು 50,000 ಅಕ್ಷರ ದೂರದಿಂದ ಎಚ್‌ಬಿಬಿಯನ್ನು ಚುರುಕುಗೊಳಿಸುವುದು ಅದೇ. ‘ರಿಪೀಟ್‌ಮಾಸ್ಕರ್’ ಸಾಲನ್ನೂ ತೆರೆಯಿರಿ: ಅಲ್ಲಿ ತುಂಬಿರುವ ಪಟ್ಟಿಗಳು ಮತ್ತೆ ಮತ್ತೆ ಬರುವ ಡಿಎನ್‌ಎ. ಇಡೀ ಜೀನೋಮ್‌ನ ಹೆಚ್ಚುಕಡಿಮೆ ಅರ್ಧ ಇಂಥದ್ದೇ. ಸುಮಾರು 300 ಅಕ್ಷರದ ‘ಅಲು’ ತುಣುಕೊಂದೇ 10 ಲಕ್ಷಕ್ಕೂ ಹೆಚ್ಚು ಕಡೆ ಇದೆ.

ಬ್ರೌಸರಿನಲ್ಲಿರುವುದು ಉಲ್ಲೇಖ ಜೀನೋಮ್, ಅಂದರೆ ಹೋಲಿಕೆಗೆ ಬಳಸುವ ಮಾದರಿ, ನಿಮ್ಮದಲ್ಲ. ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಅಥವಾ ಥಲಸ್ಸೀಮಿಯಾ ಇದ್ದರೆ ಮದುವೆಗೆ ಅಥವಾ ಗರ್ಭಧಾರಣೆಗೆ ಮುಂಚೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಮಾಡಿಸಿ. ಇತ್ತೀಚೆಗೆ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ, ದಾನಿಯ ಹಿಮೋಗ್ಲೋಬಿನ್ ಸೇರಿ ಫಲಿತಾಂಶ ದಾರಿ ತಪ್ಪಿಸುತ್ತದೆ. ಗಂಡಹೆಂಡತಿ ಇಬ್ಬರೂ ವಾಹಕರಾದರೆ, ಅಂದರೆ ಇಬ್ಬರಲ್ಲೂ ಜೀನಿನ ಎರಡು ಪ್ರತಿಗಳಲ್ಲಿ ಒಂದು ಬದಲಾಗಿದ್ದರೆ, ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ 25. ಮೊದಲ ಮಗುವಿಗೆ ಬಂದಿದ್ದರೂ ಬರದಿದ್ದರೂ ಮುಂದಿನ ಗರ್ಭದಲ್ಲಿ ಅದು ಶೇ 25 ಆಗಿಯೇ ಉಳಿಯುತ್ತದೆ.