ಮಿಡ್‌ಫೀಲ್ಡರ್ ಒಬ್ಬಳ ಕೆರಿಯರ್ ಫಾಲೋ ಮಾಡುವುದು ಹೇಗೆ? ಡೆನ್ಮಾರ್ಕಿನ ಕತ್ರೀನ ಕ್ಯೂಲ್ ಜೊತೆ ಶುರು ಮಾಡಿ

ಫುಟ್‌ಬಾಲ್‌ನಲ್ಲಿ ಸ್ಟ್ರೈಕರ್ ಆಟ ಫಾಲೋ ಮಾಡುವುದು ಸುಲಭ. ಎಷ್ಟು ಗೋಲು ಅಂತ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಮೈದಾನದ ನಡುವೆ ಆಡುವ ಮಿಡ್‌ಫೀಲ್ಡರ್ ಹಾಗಲ್ಲ. ಮ್ಯಾಚ್ ಮುಗಿದ ಮೇಲೆ ಸ್ಕೋರ್ ತೆಗೆದು ನೋಡಿದರೆ ಅವಳ ಹೆಸರೇ ಇರುವುದಿಲ್ಲ, ಆದರೆ 90 ನಿಮಿಷ ಆಟ ನಡೆದದ್ದೆಲ್ಲ ಅವಳ ಕಾಲು ದಾಟಿಕೊಂಡೇ. ಅದಕ್ಕೇ ಇವರನ್ನು ನೋಡುವುದಕ್ಕೆ ಬೇರೆ ದಾರಿ ಬೇಕು. ನಾನು ರೂಢಿ ಮಾಡಿಕೊಂಡ ದಾರಿ ಇಲ್ಲಿದೆ. ಉದಾಹರಣೆಗೆ ಕತ್ರೀನ ಮೊಲ್ಲರ್ ಕ್ಯೂಲ್. ಹುಟ್ಟಿದ್ದು 2003ರ ಜುಲೈ 5. ಡೆನ್ಮಾರ್ಕ್ ತಂಡದ ಮಿಡ್‌ಫೀಲ್ಡರ್. 19ನೇ ವಯಸ್ಸಿಗೇ ಇಂಗ್ಲೆಂಡಿನ ದೊಡ್ಡ ಕ್ಲಬ್ ಆರ್ಸೆನಲ್ ಸೇರಿದ ಹುಡುಗಿ.

ಮೊದಲು ಊರಿನ ಕ್ಲಬ್ ನೋಡಿ. ಹೆಚ್ಚಿನವರು ದೊಡ್ಡ ಕ್ಲಬ್ ಬಂದ ದಿನದಿಂದ ಕಥೆ ಶುರು ಮಾಡುತ್ತಾರೆ, ಅದು ಸಿನಿಮಾಗೆ ಇಂಟರ್ವಲ್ ಆದ ಮೇಲೆ ಹೋದ ಹಾಗೆ. ಕ್ಯೂಲ್ ಬಂದದ್ದು ಎಫ್‌ಸಿ ನೋರ್‌ಶೆಲ್ಲಾಂಡ್‌ನಿಂದ. ಕೋಪನ್‌ಹೇಗನ್ ಹತ್ತಿರದ ಫಾರುಮ್ ಅನ್ನುವ ಸಣ್ಣ ಊರಿನ ಕ್ಲಬ್ ಅದು. ಘಾನಾದಲ್ಲಿ ಹುಟ್ಟಿದ ರೈಟ್ ಟು ಡ್ರೀಮ್ ಅಕಾಡೆಮಿಯವರೇ ಅದರ ಮಾಲೀಕರು. ಚಿಕ್ಕ ವಯಸ್ಸಿನವರನ್ನು ಬೇಗ ಸೀನಿಯರ್ ತಂಡಕ್ಕೆ ಇಳಿಸುವುದು, ಚೆಂಡನ್ನು ಸುಮ್ನೆ ಮುಂದಕ್ಕೆ ಹೊಡೆಯದೆ ಪಾಸ್ ಕೊಡುತ್ತಾ ಆಡುವುದು ಅಲ್ಲಿನ ಪದ್ಧತಿ. ಇಂಥ ಕಡೆ ಬೆಳೆದವಳಿಗೆ ಒತ್ತಡದಲ್ಲಿ ಚೆಂಡು ಕೇಳಿ ಪಡೆಯುವ ಧೈರ್ಯ ಇರುತ್ತದೆ. ಮುಂದೆ ಯಾವ ಕ್ಲಬ್ಬಿಗೆ ಹೋದರೂ ಈ ಬೇರು ಕಾಣುತ್ತಲೇ ಇರುತ್ತದೆ.

ಆಮೇಲೆ ಟ್ರಾನ್ಸ್‌ಫರ್ ಆದ ತಿಂಗಳು ನೋಡಿ. ವರ್ಷ ಮಾತ್ರ ಬರೆದುಕೊಂಡರೆ ಸಾಲದು. ಕ್ಯೂಲ್ ಆರ್ಸೆನಲ್‌ಗೆ ಹೋದದ್ದು 2023ರ ಜನವರಿಯಲ್ಲಿ. ಡೆನ್ಮಾರ್ಕಿನಲ್ಲಿ ಚಳಿಗಾಲಕ್ಕೆ ಲೀಗ್ ತಿಂಗಳುಗಟ್ಟಲೆ ನಿಂತಿರುತ್ತದೆ. ಇಂಗ್ಲೆಂಡಿನಲ್ಲಿ ಅದೇ ಹೊತ್ತಿಗೆ ಸೀಸನ್ ಅರ್ಧ ದಾಟಿ ಜೋರಾಗಿ ಓಡುತ್ತಿರುತ್ತದೆ. ಬೇರೆ ದೇಶ, ಬೇರೆ ವೇಗ, ಜೊತೆಗೆ ಕಾಲಿಗೆ ಮ್ಯಾಚ್ ಅಭ್ಯಾಸ ತಪ್ಪಿರುವ ಹೊತ್ತು. ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಫೆಬ್ರವರಿಯಲ್ಲೇ ತೀರ್ಪು ಕೊಡುವುದು ಅನ್ಯಾಯ ಅಲ್ವಾ?

ಇನ್ನು ಆ ಸೀಟಿನಲ್ಲಿ ಆಗಲೇ ಯಾರು ಕೂತಿದ್ದಾರೆ ಅನ್ನುವ ಪ್ರಶ್ನೆ. ಮಿಡ್‌ಫೀಲ್ಡರ್ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಆರ್ಸೆನಲ್ ಮಧ್ಯದಲ್ಲಿ ಆಗ ಕ್ಯಾಪ್ಟನ್ ಕಿಮ್ ಲಿಟಲ್ ಇದ್ದಳು, 32 ವರ್ಷದ ಅನುಭವಿ. ಸ್ವಿಟ್ಜರ್ಲೆಂಡಿನ ಲಿಯಾ ವಾಲ್ಟಿ, ನಾರ್ವೆಯ ಫ್ರೀಡಾ ಮಾನುಮ್ ಇದ್ದರು. ಅದೇ ಜನವರಿಯಲ್ಲಿ ನೆದರ್‌ಲೆಂಡ್ಸಿನ ವಿಕ್ಟೋರಿಯಾ ಪೆಲೋವಾ ಕೂಡ ಬಂದಳು. ಬೆತ್ ಮೀಡ್, ವಿವಿಯನ್ ಮಿಡೆಮಾ ಇಬ್ಬರೂ ಮಂಡಿಯ ಎಸಿಎಲ್ ಪೆಟ್ಟಿನಿಂದ ಹೊರಗಿದ್ದರು ನಿಜ. ಆದರೆ ಅವರು ಮುಂದೆ ಆಡುವವರು, ಅವರ ಜಾಗ ಖಾಲಿ ಆದರೆ ನಡುವೆ ಆಡುವವಳಿಗೆ ನೇರ ಲಾಭ ಸಿಗುವುದಿಲ್ಲ. ಇಷ್ಟು ಹೆಸರು ಒಂದು ಹಾಳೆಯಲ್ಲಿ ಬರೆದುಕೊಂಡರೆ ಹುಡುಗಿ ಯಾಕೆ ಬೆಂಚಿನಲ್ಲಿ ಜಾಸ್ತಿ ಕೂರುತ್ತಾಳೆ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಈ ಪಟ್ಟಿಯನ್ನು ಪ್ರತಿ ಸೀಸನ್ ಹೊಸದಾಗಿ ಬರೆಯಿರಿ. 2023ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ 2–0ಯಿಂದ ಡೆನ್ಮಾರ್ಕನ್ನು ಮನೆಗೆ ಕಳಿಸಿತು. ಆ ಆಸ್ಟ್ರೇಲಿಯಾ ತಂಡದ ನಡುವೆ ಆಡಿದವಳು ಕೈರಾ ಕೂನಿ-ಕ್ರಾಸ್. ಮುಂದಿನ ತಿಂಗಳೇ ಅವಳನ್ನೂ ಆರ್ಸೆನಲ್ ಕರೆತಂದಿತು! ಕ್ಯೂಲ್‌ಗಿಂತ ಒಂದೂವರೆ ವರ್ಷ ಅಷ್ಟೇ ದೊಡ್ಡವಳು, ಆಡುವುದೂ ಅದೇ ಜಾಗ. ಕ್ಯೂಲ್ ಆಟದಲ್ಲಿ ಏನೂ ಕೆಡದೆ ದಾರಿ ಮಾತ್ರ ಕಿರಿದಾಯಿತು. ಇಂಥದ್ದು ಯಾವ ಅಂಕಿ-ಅಂಶದಲ್ಲೂ ಕಾಣುವುದಿಲ್ಲ.

ಈಗ ಮುಖ್ಯವಾದ ಭಾಗ, ಮ್ಯಾಚ್ ನೋಡುವ ರೀತಿ. ಮೊದಲ 15 ನಿಮಿಷ ಚೆಂಡನ್ನು ಬಿಟ್ಟುಬಿಡಿ. ಕಷ್ಟ ಆಗುತ್ತದೆ, ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ, ಆದರೂ ಎಳೆದು ತಂದು ಅವಳ ಮೇಲೆ ಇಡಿ. ನೋಡಬೇಕಾದ ಮೊದಲನೇ ವಿಷಯ ಅವಳ ತಲೆ. ಚೆಂಡು ಬರುವ ಮೊದಲು ಎಡಕ್ಕೆ ಬಲಕ್ಕೆ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾಳಾ? ಇದಕ್ಕೆ ಸ್ಕ್ಯಾನಿಂಗ್ ಅನ್ನುತ್ತಾರೆ. ನಾರ್ವೆಯ ಸಂಶೋಧಕ ಗೀರ್ ಯೋರ್ಡೆಟ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಜಾಸ್ತಿ ಸಲ ಸುತ್ತ ನೋಡುವ ಮಿಡ್‌ಫೀಲ್ಡರ್‌ಗಳ ಪಾಸ್ ಗುರಿ ಮುಟ್ಟುವುದೂ ಜಾಸ್ತಿ ಅಂತ ಅವರು ಕಂಡುಕೊಂಡರು. ನಮ್ಮಲ್ಲಿ ರಸ್ತೆ ದಾಟುವವರು ಎರಡೂ ಕಡೆ ನೋಡುವುದಿಲ್ಲವೇ, ಹಾಗೆ. ವ್ಯತ್ಯಾಸ ಏನೆಂದರೆ ಇಲ್ಲಿ ಗಾಡಿಗಳು ನಾಲ್ಕೂ ಕಡೆಯಿಂದ ಬರುತ್ತವೆ.

ಎರಡನೆಯದು ಮೈ ನಿಲ್ಲುವ ರೀತಿ. ಚೆಂಡು ಕೊಡುವವಳ ಕಡೆಗೇ ನೇರ ಮುಖ ಮಾಡಿ ನಿಂತರೆ ವಾಪಸ್ ಹಿಂದಕ್ಕೆ ಕೊಡುವುದು ಬಿಟ್ಟು ಬೇರೆ ದಾರಿ ಇಲ್ಲ. ಸ್ವಲ್ಪ ಓರೆಯಾಗಿ ನಿಂತು, ದೂರದ ಕಾಲಿಗೆ ಚೆಂಡು ತೆಗೆದುಕೊಂಡರೆ ಒಂದೇ ಟಚ್‌ನಲ್ಲಿ ಎದುರಾಳಿ ಗೋಲಿನ ಕಡೆ ತಿರುಗಬಹುದು. ಟಿವಿಯಲ್ಲಿ ಇದು ಅರ್ಧ ಸೆಕೆಂಡಿನ ಕೆಲಸ. ಆ ಅರ್ಧ ಸೆಕೆಂಡ್ ಉಳಿಸಿದ್ದರಿಂದಲೇ ವಿಂಗ್‌ನಲ್ಲಿ ಓಡುತ್ತಿದ್ದ ಹುಡುಗಿಗೆ ಜಾಗ ಸಿಕ್ಕಿರುತ್ತದೆ, ಕಾಮೆಂಟರಿಯವರು ಅವಳನ್ನೇ ಹೊಗಳುತ್ತಾರೆ.

ಮೂರನೆಯದು ಪಾಸ್ ಕೊಟ್ಟ ಮೇಲೆ ಏನು ಮಾಡುತ್ತಾಳೆ ಅನ್ನುವುದು. ನಿಂತು ನೋಡುತ್ತಾಳಾ, ಎರಡು ಹೆಜ್ಜೆ ಸರಿದು ಮತ್ತೆ ಚೆಂಡು ಸಿಗುವ ಜಾಗಕ್ಕೆ ಬರುತ್ತಾಳಾ? ಚೆಂಡು ಕಳೆದುಹೋದರೆ ಮೊದಲ ಐದು ಸೆಕೆಂಡ್ ಏನು ಮಾಡುತ್ತಾಳೆ? ನಾನು ಸೆಕೆಂಡ್ ಹಾಫ್‌ನಲ್ಲಿ ಇದನ್ನು ಮಾತ್ರ ನೋಡುತ್ತೇನೆ, ಯಾಕೆಂದರೆ ಸುಸ್ತಾದಾಗ ಎಲ್ಲರೂ ಮೊದಲು ಬಿಡುವುದು ಇದನ್ನೇ.

ಹೈಲೈಟ್ಸ್ ನೋಡಿ ಇದ್ಯಾವುದೂ ಗೊತ್ತಾಗುವುದಿಲ್ಲ. ಪೂರ್ತಿ ಮ್ಯಾಚ್ ಸಿಕ್ಕರೆ ತಿಂಗಳಿಗೆ ಒಂದೇ ಆದರೂ ಸರಿ, ಅದನ್ನು ನೋಡಿ. ಸಮಯ ಮಾತ್ರ ಸರಿಯಾಗಿ ಲೆಕ್ಕ ಹಾಕಿ. ಡೆನ್ಮಾರ್ಕ್, ಇಟಲಿ ಎರಡೂ ನಮಗಿಂತ ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ. ಇಂಗ್ಲೆಂಡ್ ಇನ್ನೂ ಒಂದು ಗಂಟೆ ಹಿಂದೆ. ಮಾರ್ಚ್ ಕೊನೆಯಲ್ಲಿ, ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಬದಲಿಸುತ್ತಾರೆ, ಆ ವಾರ ಅರ್ಧ ಆಟ ತಪ್ಪಿಸಿಕೊಳ್ಳುವವರು ಬಹಳ. ಹುಡುಕುವಾಗ ಹೆಸರಿನ ಕಡೆಗೂ ಗಮನ ಇರಲಿ. ಅವಳ ಹೆಸರಿನಲ್ಲಿ ಯು ಅಕ್ಷರದ ಮೇಲೆ ಎರಡು ಚುಕ್ಕಿ ಇದೆ. ಕೆಲವು ಕಡೆ ಚುಕ್ಕಿ ಇಲ್ಲದೆ ಬರೆಯುತ್ತಾರೆ. ಎರಡೂ ರೀತಿ ಹುಡುಕಿ.

ಒಂದು ನೋಟ್‌ಬುಕ್ ಇಡಿ. ನಾಲ್ಕು ಕಾಲಂ ಸಾಕು: ತಾರೀಖು, ಎಷ್ಟು ನಿಮಿಷ, ಯಾವ ಜಾಗದಲ್ಲಿ, ಪಕ್ಕದಲ್ಲಿ ಯಾರು. 20 ವರ್ಷದ ಹುಡುಗಿಗೆ ಗೋಲು, ಅಸಿಸ್ಟ್‌ಗಿಂತ ನಿಮಿಷ ದೊಡ್ಡದು. ದೊಡ್ಡ ಕ್ಲಬ್ಬಿನಲ್ಲಿ ಕೊನೆಯ ಹತ್ತು ನಿಮಿಷಕ್ಕೆ ಇಳಿದವಳು ಆಟದ ವೇಗ ಹಿಡಿಯುವಷ್ಟರಲ್ಲಿ ವಿಸಿಲ್ ಊದಿರುತ್ತದೆ.

ಲೋನ್ ಅಂದರೆ ಸ್ವಲ್ಪ ಕಾಲಕ್ಕೆ ಬೇರೆ ಕ್ಲಬ್ಬಿಗೆ ಆಡಲು ಕಳಿಸುವುದು. ಹಾಗಂದ ಕೂಡಲೇ ಮುಖ ಸಣ್ಣ ಮಾಡಿಕೊಳ್ಳಬೇಡಿ. 2024ರಲ್ಲಿ ಕ್ಯೂಲ್ ಲೋನ್ ಮೇಲೆ ಇಟಲಿಯ ರೋಮಾ ಕ್ಲಬ್ಬಿಗೆ ಹೋದಳು. ಆರ್ಸೆನಲ್‌ನಿಂದ ಇಳಿದು ಹೋದಳು ಅಂತ ಅಂದವರಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. 2023, 2024 ಎರಡೂ ವರ್ಷ ಇಟಲಿಯ ಲೀಗ್ ಗೆದ್ದದ್ದು ರೋಮಾ. ಅಲ್ಲಿ ನಡುವೆ ಮನುವೇಲಾ ಜುಲಿಯಾನೋ ಥರದ ಆಟಗಾರ್ತಿ ಪಕ್ಕದಲ್ಲಿ ಆಡಬಹುದು. ಆ ಸೀಸನ್ ಯೂರೋಪಿನ ಕ್ಲಬ್ಬುಗಳ ಟೂರ್ನಿ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಎದುರಿಗೆ ಲಿಯೋನ್, ವೋಲ್ಫ್ಸ್‌ಬರ್ಗ್ ಇದ್ದವು. ಲೋನ್ ನೋಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಆಡಲು ಸಿಗುತ್ತದಾ? ಅವಳ ಆಟಕ್ಕೆ ಹೊಂದುವ ತಂಡವಾ? ವಾಪಸ್ ಬಂದಾಗ ಕರೆತಂದ ಕೋಚ್ ಅಲ್ಲೇ ಇರುತ್ತಾನಾ? ಕೊನೆಯದನ್ನು ಜನ ಮರೆತೇಬಿಡುತ್ತಾರೆ. ಕ್ಯೂಲ್‌ನನ್ನು ಆರ್ಸೆನಲ್‌ಗೆ ತಂದ ಯೋನಾಸ್ ಐಡೆವಾಲ್ 2024ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು, ಅವಳು ಆಗ ರೋಮ್‌ನಲ್ಲಿದ್ದಳು. ಅದೇ ಸೀಸನ್ ಕೊನೆಗೆ, 2025ರ ಮೇ ತಿಂಗಳಲ್ಲಿ, ಲಿಸ್ಬನ್‌ನಲ್ಲಿ ಬಾರ್ಸಿಲೋನಾವನ್ನು 1–0ಯಿಂದ ಸೋಲಿಸಿ ಆರ್ಸೆನಲ್ ಚಾಂಪಿಯನ್ಸ್ ಲೀಗ್ ಗೆದ್ದಿತು. ಅವಳಿಗೆ ಬೇಸರ ಆಗಿರಬಹುದು. ಆದರೆ ಬೆಂಚಿನಲ್ಲಿ ಕೂತು ಪಡೆದ ಪದಕಕ್ಕಿಂತ ಮೈದಾನದ ನಿಮಿಷಗಳೇ ಆ ವಯಸ್ಸಿಗೆ ಒಳ್ಳೆಯದು ಅಂತ ನಾನು ನಂಬುತ್ತೇನೆ.

ರಾಷ್ಟ್ರೀಯ ತಂಡಕ್ಕೆ ಬೇರೆ ಪುಟ ಇಡಿ, ಕ್ಲಬ್ ಜೊತೆ ಸೇರಿಸಬೇಡಿ. ಇಂಗ್ಲೆಂಡಿನಲ್ಲಿ ನಡೆದ 2022ರ ಯೂರೋ (ಯೂರೋಪಿನ ದೇಶಗಳ ಕಪ್), ಆಮೇಲೆ 2023ರ ವಿಶ್ವಕಪ್, ಎರಡರಲ್ಲೂ ಕ್ಯೂಲ್ ತಂಡದಲ್ಲಿದ್ದಳು. ಡೆನ್ಮಾರ್ಕ್ ಮಹಿಳೆಯರು ವಿಶ್ವಕಪ್‌ಗೆ ಬಂದದ್ದೇ 2007ರ ನಂತರ ಅದು ಮೊದಲ ಸಲ. ಡೆನ್ಮಾರ್ಕಿನ ದೊಡ್ಡ ಆಟಗಾರ್ತಿ ಪೆರ್ನಿಲ್ಲೆ ಹಾರ್ಡರ್ ಜೊತೆ ಅದೇ ಡ್ರೆಸಿಂಗ್ ರೂಮಿನಲ್ಲಿ ಕೂರುವುದು 20 ವರ್ಷದವಳಿಗೆ ಎಷ್ಟು ದೊಡ್ಡ ಪಾಠ!

ಸ್ವಲ್ಪ ಹಿಂದಿನದನ್ನೂ ಓದಿಕೊಳ್ಳಿ. 2017ರಲ್ಲಿ ಇದೇ ದೇಶದ ಹೆಣ್ಣುಮಕ್ಕಳು ಯೂರೋ ಫೈನಲ್ ತನಕ ಹೋದರು, ಅದೇ ವರ್ಷ ವೇತನದ ಜಗಳದಲ್ಲಿ ಸ್ವೀಡನ್ ವಿರುದ್ಧದ ಪಂದ್ಯವನ್ನೇ ಆಡಲಿಲ್ಲ. ಇನ್ನೂ ಹಿಂದೆ, 1971ರಲ್ಲಿ, ಮೆಕ್ಸಿಕೋದ ಅಜ್ಟೆಕಾ ಮೈದಾನದಲ್ಲಿ ಸುಮಾರು ಒಂದು ಲಕ್ಷ ಜನರ ಮುಂದೆ ಡೆನ್ಮಾರ್ಕ್ 3–0ಯಿಂದ ಮೆಕ್ಸಿಕೋವನ್ನು ಸೋಲಿಸಿತ್ತು. ಫೀಫಾ ಒಪ್ಪದ ವಿಶ್ವಕಪ್ ಅದು. ಮೂರೂ ಗೋಲು ಹೊಡೆದ ಸುಸಾನ್ ಆಗುಸ್ಟೆಸೆನ್‌ಗೆ ಆಗ 15 ವರ್ಷ. ಆಮೇಲೆ ಅವಳು ಹೋಗಿ ವರ್ಷಗಟ್ಟಲೆ ಆಡಿದ್ದು ಇಟಲಿಯಲ್ಲೇ. ಅರ್ಧ ಶತಮಾನದ ನಂತರ ಡೆನ್ಮಾರ್ಕಿನ ಇನ್ನೊಬ್ಬ ಹುಡುಗಿ ಅದೇ ದಾರಿ ಹಿಡಿದಳು ಅಂತ ಹೊಳೆದ ದಿನ ನನ್ನ ನೋಟ್‌ಬುಕ್‌ನಲ್ಲಿ ಐದನೇ ಕಾಲಂ ಎಳೆದೆ. ಅದರಲ್ಲಿ ಹಿಂದೆ ಅದೇ ದಾರಿಯಲ್ಲಿ ನಡೆದವರ ಹೆಸರು ಬರೆಯುತ್ತೇನೆ. ನೀವೂ ಎಳೆಯಿರಿ.