ಎರಡು ಸಾವಿರದ ಕಂತಿನಲ್ಲಿ ಮುಂದಿನ ವರ್ಷದ ಲೆಕ್ಕ: ನನ್ನ ಅನುಭವ

ಗೃಹಲಕ್ಷ್ಮಿ ದುಡ್ಡು ಹಿಡಿದುಕೊಂಡು ಬಡವರ ಮನೆಯಲ್ಲೂ ಮುಂದಿನ ಎರಡು ಮೂರು ವರ್ಷದ ಲೆಕ್ಕ ಹಾಕಬಹುದು ಎಂದು ನಾನು ಹೇಳಿದಾಗ ನಮ್ಮ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಯಾರೂ ಒಪ್ಪಿರಲಿಲ್ಲ. "ತಿಂಗಳಿಗೆ ಎರಡು ಸಾವಿರ. ಅದೂ ಬಂದಾಗ ಬಂತು. ಇದರಲ್ಲಿ ಏನ್ ಪ್ಲಾನ್ ಮಾಡ್ತೀರಾ ಮೇಡಂ?" ಎಂದು ಪಕ್ಕದ ಪಂಚಾಯಿತಿಯ ಎಂಬಿಕೆ (ಒಕ್ಕೂಟದ ಲೆಕ್ಕ ಬರೆಯುವವರು) ಕೇಳಿದ್ದರು. ಈಗ ಅವರೇ ಬಂದು ನನ್ನ ಲೆಕ್ಕದ ಪುಸ್ತಕದ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಬೇರೆ ಕಡೆಯಿಂದಲೂ ಫೋನ್ ಬರುತ್ತಿದೆ. ಹಾಗಾಗಿ ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ಪಂಚಸೂತ್ರ (ಸಂಘದ ಐದು ನಿಯಮ), ಠರಾವು (ಸಭೆಯ ನಿರ್ಣಯ), ಒಳಸಾಲ (ಸಂಘದ ದುಡ್ಡಿನಿಂದ ಸದಸ್ಯರಿಗೆ ಕೊಡುವ ಸಾಲ) ಇವೆಲ್ಲ ಸಂಘದಲ್ಲಿರುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ನಮ್ಮದು ಮಳೆ ನಂಬಿದ ಶೇಂಗಾ ಸೀಮೆ. ಕೂಲಿ, ಒಂದಿಷ್ಟು ಕುರಿ, ಎರಡು ಮೂರು ಎಕರೆ ಹೊಲ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಯೋಜನೆಗೆ ಚಾಲನೆ ಸಿಕ್ಕಿತು. ಮೊದಲ ಒಂದೆರಡು ಕಂತು ಎಲ್ಲರ ಮನೆಯಲ್ಲೂ ಕಿರಾಣಿ ಅಂಗಡಿಯ ಬಾಕಿಗೇ ಹೋಯಿತು. ಅದು ತಪ್ಪಲ್ಲ. ಹಳೇ ಬಾಕಿ ತೀರದೆ ಯಾರೂ ಮುಂದಿನದನ್ನು ಯೋಚನೆ ಮಾಡಲಾರರು. ಮೂರನೇ ಕಂತು ಬಂದ ಮೇಲೆ ನಾನು ಸಂಘದಲ್ಲಿ ಒಂದೇ ಪ್ರಶ್ನೆ ಕೇಳಿದೆ: "ಮುಂದಿನ ಒಂದು ವರ್ಷದಲ್ಲಿ ನಿಮಗೆ ಗಂಟು ದುಡ್ಡು ಯಾವ ತಿಂಗಳು ಬೇಕು?"

ಯಾರ ಬಾಯಿಂದಲೂ ಉತ್ತರ ಬರಲಿಲ್ಲ. ಇದನ್ನು ನೀವು ಗಮನಿಸಬೇಕು. ಅವರಿಗೆ ಲೆಕ್ಕ ಬರುವುದಿಲ್ಲ ಅಂತಲ್ಲ. ಕೂಲಿ ಸಿಕ್ಕಿದ ದಿನ ಉಣ್ಣುವ ಮನೆಯಲ್ಲಿ ಮುಂದಿನ ಜೂನ್ ಬಗ್ಗೆ ಮಾತಾಡಿದರೆ ಸಂಕಟವೇ ಜಾಸ್ತಿ. ಬರುವುದು ಎಷ್ಟು ಅಂತ ಗೊತ್ತಿದ್ದರೆ ತಾನೇ ಹೋಗುವುದನ್ನು ಬರೆದಿಡುವುದು?

ಮೊದಲು ಅಂಚೆ ಕಚೇರಿಯ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ) ಮಾಡಿಸಿದ್ದೆವು. ತಿಂಗಳಿಗೆ 500 ರೂಪಾಯಿಯಂತೆ ಐದು ವರ್ಷ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ಆರ್‌ಡಿ ನಡೆಯುವುದು ತಿಂಗಳ ಲೆಕ್ಕದಲ್ಲಿ, ನಮ್ಮ ದುಡ್ಡು ಬರುವುದು ಕಂತಿನ ಲೆಕ್ಕದಲ್ಲಿ. ಆರ್‌ಡಿ ಕಟ್ಟುವುದು ತಡವಾದರೆ ನೂರಕ್ಕೆ ಒಂದು ರೂಪಾಯಿ ದಂಡ. ಸತತ ನಾಲ್ಕು ಸಲ ತಪ್ಪಿದರೆ ಖಾತೆ ನಿಂತೇ ಹೋಗುತ್ತದೆ, ಆಮೇಲೆ ಎರಡು ತಿಂಗಳೊಳಗೆ ಹಿಂದಿನದ್ದೆಲ್ಲ ಕಟ್ಟಿ ಮತ್ತೆ ಚಾಲೂ ಮಾಡಿಸಬೇಕು. 2024ರ ಮಳೆಗಾಲದಲ್ಲಿ ಗೃಹಲಕ್ಷ್ಮಿ ಕಂತು ತಡವಾಗಿ, ಆಮೇಲೆ ಅಕ್ಟೋಬರಿನಲ್ಲಿ ಎರಡು ಒಟ್ಟೊಟ್ಟಿಗೆ ಬಂದಿದ್ದು ನಿಮಗೂ ನೆನಪಿರಬೇಕು. ಆರ್‌ಡಿ ಮಾಡಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆ ಹೊತ್ತಿಗೆ ಕೈಬಿಟ್ಟರು. ದಂಡ ದೊಡ್ಡದಲ್ಲ, ಆದರೆ "ನಮ್ಮ ಕೈಲಾಗಲ್ಲ ಬಿಡಿ" ಅನ್ನುವ ಮಾತು ಮನಸ್ಸಿಗೆ ಬಂದುಬಿಡುತ್ತದೆ. ಅದು ದಂಡಕ್ಕಿಂತ ದುಬಾರಿ.

ಮನೆಯಲ್ಲೇ ಡಬ್ಬಿಗೆ ಹಾಕಿಡುವುದನ್ನೂ ಕೆಲವರು ನೋಡಿದರು. ಮನೆಯಲ್ಲಿ ದುಡ್ಡಿದೆ ಅಂತ ಗೊತ್ತಾದರೆ ಅದು ಉಳಿಯುವುದಿಲ್ಲ. ಗಂಡ ಕೇಳುತ್ತಾನೆ, ಇಲ್ಲವೇ ತವರಿನವರು ಕೇಳುತ್ತಾರೆ. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ನಿಂತಿದ್ದು ಸರದಿ. ಹತ್ತು ಜನ, ಪ್ರತಿ ಕಂತಿಗೆ ಒಬ್ಬೊಬ್ಬರಿಂದ ಒಂದು ಸಾವಿರ, ಒಟ್ಟು ಹತ್ತು ಸಾವಿರ ಒಬ್ಬರ ಕೈಗೆ. ನೋಡಲು ಚೀಟಿಯ ಹಾಗೇ, ಆದರೆ ಹರಾಜಿಲ್ಲ, ಕಮಿಷನ್ ಇಲ್ಲ. ಸಂಘದ ಠರಾವು ಪುಸ್ತಕದಲ್ಲಿ ಬರೆದು, ಸಂಘದ ಬ್ಯಾಂಕ್ ಖಾತೆಯ ಮೂಲಕ, ಬಡ್ಡಿಯಿಲ್ಲದ ಒಳಸಾಲ ಎಂದು ತೋರಿಸುತ್ತೇವೆ. ಪೂರ್ತಿ ಎರಡು ಸಾವಿರವನ್ನೂ ಹಾಕೋಣ ಎಂದು ಒಂದು ಸಂಘ ಹಟ ಹಿಡಿದಿತ್ತು. ಮೂರನೇ ಕಂತಿಗೇ ಅದು ಮುರಿದುಬಿತ್ತು. ಎಣ್ಣೆ, ಬೇಳೆಗೆ ದುಡ್ಡಿಲ್ಲದೆ ಯಾರು ತಾನೇ ಕಟ್ಟುತ್ತಾರೆ? ಅರ್ಧ ಮನೆಗೆ, ಅರ್ಧ ಮುಂದಕ್ಕೆ. ಈ ಅಳತೆ ಸರಿಯಾಗಿ ಕೂತಿದೆ.

ಸರದಿ ಮುಂದಕ್ಕೆ ಹೋಗುವುದು ಕಂತು ಬಂದಾಗ ಮಾತ್ರ. ನಮ್ಮ ಪುಸ್ತಕದಲ್ಲಿ ತಿಂಗಳ ಹೆಸರೇ ಇಲ್ಲ. ಕಂತು ಒಂದು, ಕಂತು ಎರಡು, ಅಷ್ಟೇ. ಎರಡು ಕಂತು ಒಟ್ಟಿಗೆ ಬಂದರೆ ಅದೇ ವಾರ ಇಬ್ಬರಿಗೆ. ಬರದಿದ್ದರೆ ಯಾರೂ ಬಾಕಿದಾರರಲ್ಲ, ಯಾರಿಗೂ ದಂಡವಿಲ್ಲ. ಇಷ್ಟು ಬದಲಾಯಿಸಿದ್ದಕ್ಕೇ ಬಿಟ್ಟುಹೋದವರು ವಾಪಸ್ ಬಂದರು.

ಆದರೆ ಶಾಲೆ ಫೀಸು ಕಂತಿಗಾಗಿ ಕಾಯುವುದಿಲ್ಲ, ಅಲ್ವಾ? ಅದಕ್ಕೆ ಹೀಗೆ ಮಾಡಿದೆವು. ಜೂನ್ ಫೀಸು, ಬಾಣಂತನ, ಬಿತ್ತನೆ ಹೀಗೆ ದಿನ ಮೊದಲೇ ಗೊತ್ತಿರುವವರನ್ನು ಎರಡು ಸರದಿ ಮುಂಚೆಯೇ ಕೂರಿಸುತ್ತೇವೆ. ಏಪ್ರಿಲ್‌ನಲ್ಲೇ ಅವರ ಹೆಸರಿಗೆ ಬಿದ್ದ ದುಡ್ಡು ಬೇಕಾಗುವವರೆಗೂ ಸಂಘದ ಖಾತೆಯಲ್ಲೇ ಇರುತ್ತದೆ. ಕುರಿ ಕೊಳ್ಳುವವರು, ಮನೆಗೆ ಶೀಟ್ ಹಾಕಿಸುವವರು ಹಿಂದೆ ಮುಂದೆ ಆಗಬಹುದು. ಬಕ್ರೀದ್ ಹತ್ತಿರ ಕುರಿ ಬೆಲೆ ಏರುತ್ತದೆ, ಆಗ ಮಾರಬೇಕೇ ಹೊರತು ಕೊಳ್ಳಬಾರದು. ಇಬ್ಬರಿಗೂ ಒಂದೇ ಹೊತ್ತಿಗೆ ಬೇಕಾದಾಗ ಯಾರನ್ನು ಮುಂದೆ ಹಾಕುತ್ತೇನೆ, ಮೊದಲೇ ತೆಗೆದುಕೊಂಡವರು ಕೊನೆಯವರೆಗೂ ಕಟ್ಟುವ ಹಾಗೆ ಏನು ಮಾಡುತ್ತೇನೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಸಂಘದ ಗುಟ್ಟು. ಬಂದರೆ ಎದುರಿಗೆ ಕೂತು ಹೇಳುತ್ತೇನೆ. ಒಂದು ಮಾತ್ರ ಹೇಳಬಲ್ಲೆ. ಮೊದಲ ಸುತ್ತಿನಲ್ಲಿ ಒಬ್ಬರು ದುಡ್ಡು ತೆಗೆದುಕೊಂಡ ಮೇಲೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದರು. ಎಲ್ಲರೂ ಮುಗೀತು ಅಂದರು. ಕಂತು ಅವರ ಖಾತೆಗೆ ಬೀಳುತ್ತಲೇ ಇತ್ತು, ಅವರು ಫೋನಿನಲ್ಲೇ ಸಾವಿರ ಸಾವಿರ ಕಳಿಸಿ ತೀರಿಸಿದರು.

ದುಡ್ಡಿನ ಲೆಕ್ಕ ನೋಡಿ. ನಮ್ಮಲ್ಲಿ ಕೈಸಾಲ ನೂರಕ್ಕೆ ಮೂರು ರೂಪಾಯಿ ಬಡ್ಡಿ, ಅರ್ಜೆಂಟ್ ಇದ್ದರೆ ಐದು. ಹತ್ತು ಸಾವಿರಕ್ಕೆ ವರ್ಷಕ್ಕೆ 3,600 ಬಡ್ಡಿಯೇ ಹೋಗುತ್ತಿತ್ತು. ಸರದಿಯಲ್ಲಿ ಅದು ಪೂರ್ತಿ ಉಳಿಯಿತು. ವಾರದ ಸಾಲದವರ (ಮೈಕ್ರೋಫೈನಾನ್ಸ್‌ನವರ) ಕಾಟ ಗೊತ್ತಲ್ಲ. ಅದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುವ ಮಟ್ಟಕ್ಕೆ ಹೋಗಿತ್ತು. ನಮ್ಮ ಸರದಿ ಸಂಘಗಳಲ್ಲಿ ಆ ಹೊತ್ತಿಗೆ ಹೊಸದಾಗಿ ವಾರದ ಸಾಲ ಎತ್ತಿದವರು ಬೆರಳೆಣಿಕೆಯಷ್ಟು. ಒಂದು ಸಂಘದಿಂದ ಶುರುವಾಗಿದ್ದು ಈಗ ಸುಮಾರು ಹದಿನೈದು ಸಂಘಕ್ಕೆ ಬಂದಿದೆ. ಒಂದು ಸುತ್ತಿಗೆ ಸಂಘಕ್ಕೆ ಒಂದು ಲಕ್ಷ. ಅಂದರೆ ಹದಿನೈದು ಲಕ್ಷ ಬಡ್ಡಿಯಿಲ್ಲದೆ ಊರೊಳಗೇ ಓಡಾಡಿತು. ಇದನ್ನು ಹೇಳಲು ನನಗೆ ಹೆಮ್ಮೆಯಿದೆ.

ಕೆನ್ಯಾದ ಹಳ್ಳಿಗಳಲ್ಲಿ ಗಿವ್‌ಡೈರೆಕ್ಟ್‌ಲಿ ಅನ್ನುವ ಸಂಸ್ಥೆ ಹನ್ನೆರಡು ವರ್ಷ ತಿಂಗಳು ತಿಂಗಳು ದುಡ್ಡು ಕೊಡುತ್ತೇವೆಂದು ಮಾತು ಕೊಟ್ಟು ಶುರುಮಾಡಿದೆ. ಅಲ್ಲೂ ಜನ ತಾವಾಗಿಯೇ ಇಂಥದೇ ಸರದಿ ಗುಂಪು ಕಟ್ಟಿಕೊಂಡು ಗಂಟು ದುಡ್ಡು ಮಾಡಿಕೊಂಡರಂತೆ. ತರಬೇತಿಯಲ್ಲಿ ಇದನ್ನು ಕೇಳಿದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮುಂದೆಯೂ ಬರುತ್ತದೆ ಅನ್ನುವ ನಂಬಿಕೆ ಇದ್ದರೆ ಎಲ್ಲಿಯ ಬಡವರಾದರೂ ಗಂಟು ಕಟ್ಟುತ್ತಾರೆ.

ಈಗ ತೊಂದರೆಗಳು. ದುಡ್ಡು ಬೀಳುವುದು ಪಡಿತರ ಚೀಟಿಯ ಯಜಮಾನಿಗೆ. ಎಷ್ಟೋ ಮನೆಯಲ್ಲಿ ಯಜಮಾನಿ ಅತ್ತೆ, ಸಂಘದ ಸದಸ್ಯೆ ಸೊಸೆ. ಮೊದಮೊದಲು ಇದರಿಂದ ಜಗಳವೇ ಆಯಿತು. ಈಗ ಸರದಿ ಠರಾವಿಗೆ ಅತ್ತೆಯ ಸಹಿಯೂ ಬೇಕು, ಸಭೆಗೆ ಅವರೂ ಬರಬೇಕು. ಮೊಮ್ಮಗಳ ಫೀಸು ಅಂದರೆ ಒಪ್ಪದ ಅಜ್ಜಿ ನನಗೆ ಇನ್ನೂ ಸಿಕ್ಕಿಲ್ಲ. ಯಜಮಾನಿ ತೀರಿಕೊಂಡರೆ ಕಾರ್ಡ್ ತಿದ್ದುಪಡಿ ಆಗಿ ಹೊಸ ಯಜಮಾನಿ ಅರ್ಜಿ ಹಾಕುವವರೆಗೂ ಕಂತು ನಿಲ್ಲುತ್ತದೆ. ಅದಕ್ಕೂ ಒಂದು ದಾರಿ ಬೇಕಿತ್ತು.

ಒಬ್ಬ ಅಕ್ಕನ ಕಂತನ್ನು ಬ್ಯಾಂಕಿನವರು ಹಳೇ ಬೆಳೆ ಸಾಲಕ್ಕೆ ಜಮಾ ಮಾಡಿಕೊಂಡುಬಿಟ್ಟರು. ಅರ್ಜಿ ಕೊಟ್ಟು ಕೊಟ್ಟು ಸಾಕಾಯಿತು. ಕಡೆಗೆ ಬೇರೆ ಕಡೆ ಖಾತೆ ತೆಗೆಸಿ, ಆಧಾರ್ ಮ್ಯಾಪಿಂಗ್ ಅಲ್ಲಿಗೆ ಬದಲಿಸಿದೆವು. ಮುಂದಿನ ಕಂತು ಹೊಸ ಖಾತೆಗೇ ಬಂತು. ಪಾಸ್‌ಬುಕ್ ಯಾವುದಾದರೂ ಕೊಡಿ, ದುಡ್ಡು ಹೋಗುವುದು ಆಧಾರ್ ಮ್ಯಾಪ್ ಆದ ಖಾತೆಗೇ. ಹೊಸ ಸಂಘ ಸೇರಿಸುವ ಮುಂಚೆ ನಾನು ಮೊದಲು ನೋಡುವುದು ಇದನ್ನೇ.

ಇಂಥ ಆಪತ್ತಿಗೆ ಸಣ್ಣ ನಿಧಿ ಬೇಕು. ಅದು ಸಿಕ್ಕಿದ್ದು ಅನ್ನಭಾಗ್ಯದಿಂದ. ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತಲ್ಲ, ಅದರಲ್ಲಿ ಮನೆಗೆ ನೂರು ರೂಪಾಯಿ ಎತ್ತಿಟ್ಟೆವು. 2025ರ ಫೆಬ್ರವರಿಯಿಂದ ದುಡ್ಡು ನಿಂತು ಮತ್ತೆ ಅಕ್ಕಿ ಬಂತು. ಅಷ್ಟರಲ್ಲಿ ಮೊದಲ ಸಂಘದ ನಿಧಿ ಹತ್ತಿರ ಹತ್ತಿರ ಹತ್ತು ಸಾವಿರ ಆಗಿತ್ತು. ಒಬ್ಬರ ಕಂತನ್ನು ಇ-ಕೆವೈಸಿ (ಗುರುತಿನ ದೃಢೀಕರಣ) ಆಗಿಲ್ಲ ಅಂತಲೋ, ತೆರಿಗೆ ಕಟ್ಟುತ್ತಾರೆ ಅಂತ ಸುಮ್ನೆ ತಪ್ಪಾಗಿ ತೋರಿಸಿಯೋ ತಡೆದರೆ, ನಿಧಿಯಿಂದ ಅವರ ಸಾವಿರ ತುಂಬುತ್ತೇವೆ. ಅವರದು ಸರಿಹೋದ ಮೇಲೆ ವಾಪಸ್. ಸರದಿ ನಿಂತಿರುವುದೇ ಇದರ ಮೇಲೆ.

ಇನ್ನೊಂದು ಪ್ರಯೋಗ ಅಷ್ಟು ಕೈಹಿಡಿಯಲಿಲ್ಲ. ಇಬ್ಬರು ತಮ್ಮ ಸರದಿ ಸೇರಿಸಿ ಇಪ್ಪತ್ತು ಸಾವಿರಕ್ಕೆ ಹಳೇ ರೊಟ್ಟಿ ಮೆಷಿನ್ ತಂದರು. ಕರೆಂಟು ಬಂದಾಗ ಕೂಲಿಗೆ ಹೋಗಿರುತ್ತಿದ್ದರು, ಅವರು ಮನೆಯಲ್ಲಿದ್ದಾಗ ಕರೆಂಟಿರುತ್ತಿರಲಿಲ್ಲ. ಹದಿಮೂರು ಸಾವಿರದ ಆಸುಪಾಸಿಗೆ ಮಾರಿ, ಅದರಲ್ಲೇ ಎರಡು ಮರಿ ಕೊಂಡರು.

ಸುಕನ್ಯಾ ಸಮೃದ್ಧಿ ಮಾತ್ರ ನಮ್ಮ ಪದ್ಧತಿಗೆ ಚೆನ್ನಾಗಿ ಒಗ್ಗಿತು. ಹತ್ತು ವರ್ಷದೊಳಗಿನ ಹೆಣ್ಣುಮಗು ಇದ್ದವರು ಸರದಿ ಬಂದ ದಿನವೇ ಸಾವಿರವೋ ಎರಡು ಸಾವಿರವೋ ಅದಕ್ಕೆ ಹಾಕುತ್ತಾರೆ. ವರ್ಷಕ್ಕೆ ಕನಿಷ್ಠ 250 ಬಿದ್ದರೆ ಸಾಕು, ಯಾವ ತಿಂಗಳಾದರೂ ಸರಿ. ಬಡ್ಡಿ ಶೇ. 8.2ರಷ್ಟಿದೆ. ಮಗಳು ಹತ್ತನೇ ತರಗತಿ ಮುಗಿಸಿದ ಮೇಲೆ ಓದಿಗೆ ಅರ್ಧ ತೆಗೆಯಬಹುದು. ಹಾಗೆಯೇ ಮೇ ಕೊನೆಯಲ್ಲಿ ಎಲ್ಲರ ಖಾತೆಯಲ್ಲೂ 456 ರೂಪಾಯಿ ಇರಲೇಬೇಕು ಎಂದು ಠರಾವು ಮಾಡಿದ್ದೇವೆ. 436 ಜೀವನಜ್ಯೋತಿ ಜೀವವಿಮೆಗೆ, 20 ಅಪಘಾತ ವಿಮೆಗೆ. ಅದು ತಾನಾಗಿ ಕಟ್ ಆಗುವ ಹೊತ್ತಿಗೆ ಖಾತೆ ಖಾಲಿ ಇರಬಾರದು.

ಎರಡನೇ ಸುತ್ತಿನಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ಈ ಸಲ ಒಬ್ಬರ ಮಾತಿಗೆ ಇನ್ನೊಬ್ಬರು ಅಡ್ಡ ಬರುತ್ತಿದ್ದರು. ಒಬ್ಬ ತಾಯಿ ಪಿಯುಸಿ ಓದುತ್ತಿರುವ ಮಗಳಿಗೆ ನರ್ಸಿಂಗ್ ಸೇರಿಸಲು ಎರಡು ಸುತ್ತಿನ ಸರದಿಯನ್ನು ಈಗಲೇ ಹೇಳಿಟ್ಟರು. ಮದುವೆ ಮಾತು ತಂದ ನೆಂಟರಿಗೆ "ನಮ್ಮ ಹುಡುಗಿ ದುಡ್ಡು ಸಂಘದ ಪುಸ್ತಕದಲ್ಲಿ ಬರೆದಾಗಿದೆ, ಓದೋಕೆ" ಅಂದರಂತೆ. ಕಿಸಾನ್ ಸಮ್ಮಾನ್ ದುಡ್ಡು ಬರುವ ಮನೆಗಳಲ್ಲಿ ಗಂಡಂದಿರೂ ಈಗ ಕೇಳುತ್ತಿದ್ದಾರೆ, ವರ್ಷದ ಮೂರು ಕಂತನ್ನು ಬಿತ್ತನೆ ಬೀಜಕ್ಕೆ ಹೀಗೇ ಕೂಡಿಸಬಹುದಾ ಅಂತ. ಗಂಡಸರ ಸರದಿಯನ್ನು ನಾನಿನ್ನೂ ಶುರು ಮಾಡಿಲ್ಲ. ಹೆಂಡತಿಯ ಸಹಿ ಇಲ್ಲದೆ ಮಾಡುವುದೂ ಇಲ್ಲ.

ಶುರು ಮಾಡುವವರು ಸಂಘದ ಪುಸ್ತಕದಲ್ಲಿ ಎರಡು ಕಾಲಂ ಜಾಸ್ತಿ ಗೆರೆ ಎಳೆದುಕೊಳ್ಳಿ: ಕಂತು ಸಂಖ್ಯೆ, ಮತ್ತು ದುಡ್ಡು ಯಾತಕ್ಕೆ. ಎರಡನೆಯದನ್ನು ಆ ಅಕ್ಕನೇ ತನ್ನ ಕೈಯಾರೆ ಬರೆಯಲಿ, ಬರೆಯಲು ಬಾರದಿದ್ದರೆ ಮಗಳ ಕೈಲಿ ಬರೆಸಲಿ. ಮೊದಲ ಸುತ್ತು ಹತ್ತು ಜನಕ್ಕಿಂತ ಜಾಸ್ತಿ ಬೇಡ.