ತಾಮ್ರಫಲಕದಿಂದ ಅಚ್ಚಾದ ಹಳೇ ವಿಹಾರ ನಕ್ಷೆ: ನಾನು ದುರಸ್ತಿ ಮಾಡುವ ಬಗೆ

ಬೌದ್ಧ ವಿಹಾರಗಳ ಅವಶೇಷ ತೋರಿಸುವ ಹಳೇ ನಕ್ಷೆಗಳು ಹೆಚ್ಚಾಗಿ ಪುಸ್ತಕದಿಂದ ಬಿಡಿಸಿದ ಮಡಿಕೆ ಹಾಳೆಗಳು. ಸುಕ್ಕು ಹೋಗಲಿ ಎಂದು ಕೈಗೆ ಬಂದ ಕೂಡಲೇ ಭಾರ ಹೇರುವವರೇ ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಅದಕ್ಕೆ ಶಾಯಿ ತುಂಬಿ, ಕಾಗದಕ್ಕೆ ಬಲವಾಗಿ ಒತ್ತಿ ತೆಗೆದದ್ದೇ ತಾಮ್ರಫಲಕದ ಅಚ್ಚು; ಆ ಸಾಕ್ಷಿ ಹಾಳೆಯ ಉಬ್ಬುತಗ್ಗಿನಲ್ಲೇ ಇದೆ.

ಮೊದಲು ಕೋಣೆ ಕತ್ತಲು ಮಾಡಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಅಡ್ಡ ಹಿಡಿಯುತ್ತೇನೆ. ಅಂಚು ಕತ್ತರಿಸದ ಹಾಳೆಯಾದರೆ ಚಿತ್ರದ ಸುತ್ತ ಫಲಕ ಒತ್ತಿದ ಗೆರೆ ನೆರಳಾಗಿ ಕಾಣುತ್ತದೆ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಪುಟ್ಟ ಭೂತಗನ್ನಡಿ. ಉಳಿಯಿಂದ ಕೊರೆದ ಗೆರೆ ನಡುವೆ ದಪ್ಪ, ತುದಿಯಲ್ಲಿ ಚೂಪು. ಶಾಯಿ ಕಾಗದದಿಂದ ತುಸು ಎದ್ದಿರುತ್ತದೆ. ಉಳಿಯ ಬದಲು ಆಸಿಡ್‌ನಿಂದ ತಾಮ್ರ ತಿನ್ನಿಸಿ ಮಾಡಿದ ಗೆರೆಯ ತುದಿ ಮೊಂಡು. ಕಲ್ಲಚ್ಚಿನಲ್ಲಿ ಶಾಯಿ ಸಮತಟ್ಟು, ಫಲಕದ ಗುರುತಿಲ್ಲ. ಈಗಿನ ಆಫ್‌ಸೆಟ್ ಆದರೆ ಚುಕ್ಕಿಗಳೇ ಹೇಳಿಬಿಡುತ್ತವೆ.

ಹಾಳೆಗೆ ತೇವ ತಾಗುವ ಮೊದಲೇ ಅಳತೆ ಮುಗಿಸಬೇಕು, ಏಕೆಂದರೆ ತೇವಕ್ಕೆ ಕಾಗದದ ಗಾತ್ರ ಬದಲಾಗುತ್ತದೆ. ತಾಮ್ರಫಲಕದ ಅಚ್ಚಿಗೆ ಕಾಗದವನ್ನು ಒದ್ದೆ ಮಾಡಿಯೇ ಹಾಕುತ್ತಿದ್ದರು; ಒಣಗಿದಾಗ ಅದು ಕುಗ್ಗಿತು, ಅದೂ ಉದ್ದಕ್ಕೂ ಅಗಲಕ್ಕೂ ಒಂದೇ ಸಮ ಅಲ್ಲ. ಹಾಗಾಗಿ 'ಅಂಗುಲಕ್ಕೆ 100 ಅಡಿ' ಎಂದು ಬರೆದಿದ್ದರೂ ನಾನು ಅದನ್ನು ನೆಚ್ಚುವುದಿಲ್ಲ, ನಕ್ಷೆಯಲ್ಲೇ ಅಚ್ಚಾದ ಅಳತೆಪಟ್ಟಿಯನ್ನೇ ಅಳೆಯುತ್ತೇನೆ. ಪಟ್ಟಿ ಅಡ್ಡ ಇದ್ದರೆ ಅದು ಅಡ್ಡ ಅಳತೆಗಷ್ಟೇ ಸರಿ. ಎರಡೂ ದಿಕ್ಕಿನ ಕುಗ್ಗುವಿಕೆ ಹಿಡಿಯಲು ವೃತ್ತ ಬೇಕು, ವಿಹಾರ ನಕ್ಷೆಯಲ್ಲಿ ಸ್ತೂಪಗಳೇ ಆ ಕೆಲಸ ಮಾಡುತ್ತವೆ. ಸಾರನಾಥದ ಧಮೇಕ್ ಸ್ತೂಪದ ಬುಡದ ವ್ಯಾಸ ಸುಮಾರು 28.5 ಮೀಟರ್, ಅಂಗುಲಕ್ಕೆ 100 ಅಡಿ ಲೆಕ್ಕದಲ್ಲಿ ನಕ್ಷೆಯ ಮೇಲೆ ಅದು 23.75 ಮಿಲಿಮೀಟರ್ ಬರಬೇಕು. ಶೇಕಡಾ ಒಂದರಷ್ಟು ಕುಗ್ಗಿದರೂ ಕಾಲು ಮಿಲಿಮೀಟರ್ ಮಾತ್ರ ವ್ಯತ್ಯಾಸ. ಇಷ್ಟು ಸೂಕ್ಷ್ಮ ಅಳೆಯುವ ವರ್ನಿಯರ್ ಉಪಕರಣ ಇಲ್ಲದೆ ಇದು ಆಗದ ಮಾತು.

ಇಷ್ಟು ಕಟ್ಟುನಿಟ್ಟಿಗೆ ಕಾರಣವಿದೆ. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನ ಬಂಡೆಯ ಮೇಲಿತ್ತು, ಹಾಗಾಗಿ 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಕಣ್ಣಿಗೆ ಬೀಳುವವರೆಗೂ ಉಳಿಯಿತು. ಇಟ್ಟಿಗೆಗೆ ಆ ಭಾಗ್ಯವಿಲ್ಲ. ಸಾರನಾಥದ ಧರ್ಮರಾಜಿಕ ಸ್ತೂಪವನ್ನು 1794ರಲ್ಲಿ ಇಟ್ಟಿಗೆಗಾಗಿಯೇ ಕಿತ್ತು ಹಾಕಿದರು. ಅಂಥ ಕಡೆ ಗೋಡೆ ಎಲ್ಲಿತ್ತು ಎನ್ನುವುದಕ್ಕೆ ಹಳೇ ನಕ್ಷೆಯ ಗೆರೆ ದೊಡ್ಡ ಆಧಾರ.

ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಹಳೇ ಕಾಗದ ಗರಿಗರಿಯಾಗಿರುತ್ತದೆ. ಹಾಗೇ ಬಿಡಿಸಿದರೆ ಎರಡು ಮಡಿಕೆ ಕೂಡುವಲ್ಲಿ ಸೀಳುವುದು ಖಂಡಿತ. ಬಣ್ಣ ಹಚ್ಚಿದ ನಕ್ಷೆಯಾದರೆ ಒದ್ದೆ ಹತ್ತಿ ತುದಿಯನ್ನು ಮೂಲೆಯೊಂದಕ್ಕೆ ಒತ್ತಿ, ಬಣ್ಣ ಬಿಡುತ್ತದೆಯೇ ನೋಡಿ. ಬಿಡದಿದ್ದರೆ ಮುಚ್ಚಳವಿರುವ ಪ್ಲಾಸ್ಟಿಕ್ ಟ್ರೇ ತಳಕ್ಕೆ ಒದ್ದೆ ಬ್ಲಾಟಿಂಗ್ ಪೇಪರ್, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ನಕ್ಷೆ. ಹನಿ ಬೀಳದಂತೆ ಮುಚ್ಚಳದ ಒಳಗೂ ಒಣ ಬ್ಲಾಟಿಂಗ್ ಇಡಿ. ಒಂದೆರಡು ಗಂಟೆಯಲ್ಲಿ ಮಡಿಕೆ ತಾನಾಗಿ ಸಡಿಲವಾಗುತ್ತದೆ. ಆಮೇಲೆ ನಕ್ಷೆಯನ್ನು ದಪ್ಪ ಉಣ್ಣೆ ಫೆಲ್ಟ್‌ಗಳ ನಡುವೆ ಇಟ್ಟು, ಮೇಲೆ ಹಗುರ ಹಲಗೆ ಇಟ್ಟು ಒಣಗಿಸಿ. ಫೆಲ್ಟ್ ಮೆತ್ತಗಿರುವುದರಿಂದ ಫಲಕದ ಗುರುತು ಉಳಿಯುತ್ತದೆ.

ಅಂಟಿನ ವಿಷಯದಲ್ಲಿ ರಾಜಿ ಇಲ್ಲ. ಬೈಂಡಿಂಗ್ ಮಾಡುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಹುಳ ಬರುವುದಿಲ್ಲ, ನಿಜ. ಆದರೆ ಅದರಲ್ಲಿರುವ ತಾಮ್ರ ಕಾಗದವನ್ನು ಬೇಗ ಕಂದಿಸಿ ಪುಡಿ ಮಾಡುತ್ತದೆ. ಅದರ ಬದಲು ಬರೀ ಪಿಷ್ಟದ ಅಂಟು ಮಾಡಿಕೊಳ್ಳಿ. ಮೈದಾ ಹಿಟ್ಟನ್ನು ಕಲಸಿ, ನೀರಿನಲ್ಲಿ ಹಿಚುಕುತ್ತಾ ತೊಳೆದರೆ ಜಿಗುಟು ಕೈಯಲ್ಲಿ ಉಳಿದು ಹಾಲಿನಂಥ ಪಿಷ್ಟದ ನೀರು ಕೆಳಗಿಳಿಯುತ್ತದೆ. ರಾತ್ರಿಯಿಡೀ ತಂಗಲು ಬಿಟ್ಟು, ತಿಳಿನೀರು ಚೆಲ್ಲಿ, ತಳದ ಪಿಷ್ಟ ಒಣಗಿಸಿಕೊಳ್ಳಿ. ಒಂದು ಪಾಲು ಪಿಷ್ಟಕ್ಕೆ ಐದು ಪಾಲು ನೀರು, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕೈಬಿಡದೆ ತಿರುವಿ, ಆರಿದ ಮೇಲೆ ಎರಡು ಸಲ ಸೋಸಿ, ಮಜ್ಜಿಗೆ ಹದಕ್ಕೆ ತೆಳು ಮಾಡಿ.

ಹರಿದ ಜಾಗಕ್ಕೆ ಹಿಂಬದಿಯಿಂದ ಜಪಾನಿ ಕೋಜೊ ಟಿಶ್ಯೂ (ಕೋಜೊ ಗಿಡದ ನಾರಿನ ತೆಳು ಕಾಗದ), 9 ಜಿಎಸ್ಎಂ ಸುಮಾರಿನದು, ಅಂದರೆ ಚದರ ಮೀಟರಿಗೆ 9 ಗ್ರಾಂ ತೂಕದ್ದು. ಕತ್ತರಿ ಬೇಡ. ಒದ್ದೆ ಕುಂಚದಲ್ಲಿ ಗೆರೆ ಎಳೆದು ಕೈಯಿಂದ ಹರಿದರೆ ಅಂಚಿನ ನಾರು ಹಾಳೆಗೆ ಬೆರೆಯುತ್ತದೆ, ಪಟ್ಟಿಯ ಅಂಚಿನಲ್ಲಿ ಹೊಸ ಮಡಿಕೆ ಏಳುವುದಿಲ್ಲ. ಸೆಲೋಟೇಪ್ ಹತ್ತಿರವೂ ಸುಳಿಯಬಾರದು. ಕಂದು ಚುಕ್ಕಿಗಳನ್ನು ಬ್ಲೀಚ್‌ನಿಂದ ತೆಗೆಯುವ ಆಸೆ ಬಿಡಿ.

ಫ್ರೇಮಿಗೆ ಆಮ್ಲರಹಿತ ಬೋರ್ಡ್; ಹಿಂದೆ ಪ್ಲೈವುಡ್ ಬೇಡ. ನಕ್ಷೆ ಕಾಣಲು ಮುಂದಿನ ಬೋರ್ಡಿನಲ್ಲಿ ತೆರೆಯುವ ಕಿಟಕಿಯನ್ನು ಫಲಕದ ಗುರುತಿನಿಂದ ಒಂದು ಸೆಂಟಿಮೀಟರ್ ಹೊರಗೆ ಕತ್ತರಿಸಿ, ಅದು ಕಾಣಲಿ. ಮೇಲಂಚಿಗೆ ಮಾತ್ರ ಎರಡು ಟಿಶ್ಯೂ ಪಟ್ಟಿ ಹಾಕಿ ತೂಗುಬಿಡಿ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಲು ಜಾಗವಿಲ್ಲದೆ ಹಾಳೆ ಅಲೆಯಲೆಯಾಗಿ ಏಳುತ್ತದೆ.